ಫಾದರ್ ಊಟದ ಪಾಳಿ

ಹೊಸದಾಗಿ ಉಪದೇಶಿ ಕೆಲಸಕ್ಕೆ ಸೇರಿದ ಹುಡುಗಿಯರು ಈಗೀಗ ಹೊಸಪೇಟೆಯ ನನ್ನ ಮನೆಗೆ ಬರುತ್ತಾರೆ. ತರಬೇತಿ ಮುಗಿಸಿ, ಕುತ್ತಿಗೆಗೊಂದು ಐಡಿ ಕಾರ್ಡು ಹಾಕಿಕೊಂಡು, ‘ಟೀಚರ್, ಈ ಕೆಲಸದಾಗ ಮುಖ್ಯ ಯಾವುದ್ರಿ?’ ಎಂದು ಕೇಳುತ್ತಾರೆ. ಬೈಬಲ್ಲು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಮಕ್ಕಳನ್ನು ಮೊದಲ ಪರಮಪ್ರಸಾದಕ್ಕೆ ಹೇಗೆ ತಯಾರು ಮಾಡಬೇಕೆಂದು ಲ್ಯಾಪ್‌ಟಾಪಿನಲ್ಲಿ ಚಿತ್ರ ಸಮೇತ ತೋರಿಸುತ್ತಾರೆ. ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ‘ಪೂಜಿ ಮುಗುದ ಮ್ಯಾಲೆ ಫಾದರ್ ಯಾರ ಮನ್ಯಾಗ ಉಣ್ಣಬೇಕು ಅನ್ನೋದನ್ನ ನಿಮಗ ಯಾರರ ಕಲಿಸ್ಯಾರೇನು?’ ಅವರು ನಗುತ್ತಾರೆ. ನಾನು ನಗುವುದಿಲ್ಲ. ಈ ಕೆಲಸದಲ್ಲಿ ನನ್ನ ಕೂದಲು ಬೆಳ್ಳಗಾದದ್ದು ಬೈಬಲ್ಲಿನಿಂದಲ್ಲ, ಆ ಊಟದಿಂದ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ಕಥೋಲಿಕರಲ್ಲಿ ಉಪದೇಶಿ ಎಂದರೆ ಫಾದರ್ ಬರುವುದಕ್ಕೆ ಮೊದಲೇ ಹಳ್ಳಿಗೆ ಹೋಗಿರುವವಳು, ಅವರು ಹೋದ ಮೇಲೂ ಅಲ್ಲೇ ಉಳಿದು ಜಗಳ ಬಿಡಿಸುವವಳು. ಫಾದರ್ ಇರುವುದು ಹೊಸಪೇಟೆಯಲ್ಲಿ. ಕಮಲಾಪುರ, ಸಂಡೂರಿನ ಗಣಿ ಕಾಲೊನಿಗಳು, ಕಂಪ್ಲಿ ಸುತ್ತ ಗದ್ದೆಗಳ ನಡುವೆ ಕ್ಯಾಂಪು ಎಂದು ಕರೆಯುವ ಪುಟ್ಟ ಊರುಗಳು, ಎಲ್ಲ ಕಡೆ ನಮ್ಮವರ ಮನೆಗಳು ಅಲ್ಲೊಂದು ಇಲ್ಲೊಂದು. ತಿಂಗಳಿಗೊಮ್ಮೆ ಒಂದೊಂದು ಕಡೆ ಹೋಗಿ ಪೂಜೆ. ಪೂಜೆ ಮುಗಿದ ಮೇಲೆ ಫಾದರ್‌ಗೆ ಒಂದು ಮನೆಯಲ್ಲಿ ಊಟ. ಆ ಮನೆಗೆ ಆವತ್ತು ಆಶೀರ್ವಾದ ಸಿಗುತ್ತದೆ, ಉಳಿದ ಮನೆಗಳಿಗೆ ಹೊಟ್ಟೆನೋವು. ಯಾರ ಮನೆ ಎಂದು ಗೊತ್ತು ಮಾಡುವವಳು ಉಪದೇಶಿ.

ನನ್ನ ವಿಷಯ ಚುಟುಕಾಗಿ ಮುಗಿಸುತ್ತೇನೆ. ಅಪ್ಪ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ, ಅವ್ವ ಕೆಸರು ಗದ್ದೆಯಲ್ಲಿ ಸಸಿ ನಾಟಿ ಮಾಡುವವಳು. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಬಿಟ್ಟು ಪೆನ್ನು ಹಿಡಿದ ಮೊದಲ ಕೈ ನನ್ನದು. ಬಸ್ಸಿನಲ್ಲಿ ನಿಂತೇ ಹೋಗಿ, ನಿಂತೇ ಬಂದು ಬಿ.ಎ. ಮುಗಿಸಿದೆ. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಬಡ್ತಿಯ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಉಪದೇಶಿಗೆ ಬಡ್ತಿ ಇಲ್ಲ, ಹೆಂಗಸಾದರೆ ಅದರ ಕನಸೂ ಇಲ್ಲ.

ನನ್ನ ಮೊದಲ ಮೇಲಧಿಕಾರಿ ಫಾದರ್ ಇನ್ನಾಸಪ್ಪ. ಗಟ್ಟಿ ಆಳು, ಗಟ್ಟಿ ಧ್ವನಿ. ಕಾಲುವೆ ಸೇತುವೆ ಹತ್ತಿರವೇ ಜೀಪಿನ ಹಾರ್ನ್ ಹೊಡೆಯುತ್ತಿದ್ದರು. ಆ ಸದ್ದಿಗೆ ಕ್ಯಾಂಪಿನ ಕೋಳಿಗಳು ಓಡಿ ಹೋಗಿ ಬಣವೆ ಹಿಂದೆ ಅಡಗುತ್ತಿದ್ದವು ಎಂದು ಜನ ಹೇಳುವುದು ಪೂರ್ತಿ ಸುಳ್ಳಲ್ಲ. ಮೊದಲ ದಿನವೇ ನನ್ನನ್ನು ನಿಲ್ಲಿಸಿ ಕೇಳಿದರು.

‘ಬಿ.ಎ. ಮಾಡೀಯಂತಲ್ಲ. ಇಲ್ಲಿ ಅದರಿಂದ ಏನು ಉಪಯೋಗ?’

‘ಪೂಜ್ಯಾಗ ನೀವು ಮಾಡೋ ಪ್ರಸಂಗ ನನಗ ತಿಳಿತೈತ್ರಿ ಫಾದರ್’ ಎಂದೆ.

ಅವರು ಅದನ್ನು ಹೊಗಳಿಕೆ ಎಂದುಕೊಂಡು ತಲೆ ಆಡಿಸಿದರು.

ಆಗಿನ ಊಟ ಎಂದರೆ ಕೋಳಿ, ಮೊಟ್ಟೆ, ಹೊಳೆ ಮೀನು, ಮೇಲೊಂದು ಬಾಳೆಹಣ್ಣು. ಸಂಡೂರಿನ ಕಾಲೊನಿಯಲ್ಲಿ ಒಬ್ಬ ಗುತ್ತಿಗೆದಾರರು ‘ಫಾದರ್ ಕುರ್ಚಿ’ ಎಂದೇ ಒಂದನ್ನು ಮಾಡಿಸಿ, ಅದಿರಿನ ಕೆಂಪು ಧೂಳು ಕೂರದಂತೆ ಪ್ಲಾಸ್ಟಿಕ್ ಹೊದಿಸಿ ಇಟ್ಟಿದ್ದರು. ತಿಂಗಳಿಗೊಮ್ಮೆ ಪ್ಲಾಸ್ಟಿಕ್ ತೆಗೆಯುತ್ತಿದ್ದರು. ಮಂಡಿನೋವಿನ ಅವರ ತಾಯಿ ಹೊಸ್ತಿಲ ಮೇಲೆ ಕೂತು ಆ ಕುರ್ಚಿಯನ್ನು ನೋಡುತ್ತಿದ್ದರು.

ಹೊಸದರಲ್ಲಿ ಕಮಲಾಪುರದಲ್ಲಿ ನಾನೊಂದು ಎಡವಟ್ಟು ಮಾಡಿದೆ. ಒಂದೇ ಭಾನುವಾರಕ್ಕೆ ಎರಡು ಮನೆಗೆ ಹೇಳಿಬಿಟ್ಟೆ. ಎರಡೂ ಕಡೆ ಕೋಳಿ ಕೊಯ್ದರು. ಫಾದರ್ ಇನ್ನಾಸಪ್ಪ ನನ್ನನ್ನು ಬೈಯುತ್ತಾರೆಂದು ಜೀಪಿನ ಹಿಂದೆ ಹೋಗಿ ನಿಂತಿದ್ದೆ. ಅವರು ಎರಡೂ ಮನೆಯಲ್ಲಿ ಉಂಡರು, ಬೈಯಲಿಲ್ಲ. ಆ ಎರಡು ಮನೆಯವರು ಮಾತ್ರ ‘ಫಾದರ್ ಆಕಿ ಮನ್ಯಾಗ ಎಷ್ಟು ತುಂಡು ತಿಂದ್ರು?’ ಎಂದು ಬಹಳ ಕಾಲ ನನ್ನನ್ನು ಕಾಡಿದರು.

ನಮ್ಮ ಜ್ಞಾನೋಪದೇಶದಲ್ಲಿ ಏಳು ಮೂಲಪಾಪಗಳ ಪಾಠವಿದೆ. ಗರ್ವ ಮೊದಲನೆಯದು, ಅಸೂಯೆಯೂ ಅದರಲ್ಲೊಂದು. ಕಂಪ್ಲಿ ಹತ್ತಿರದ ಕ್ಯಾಂಪಿನಲ್ಲಿ ಪಾಠ ಮಾಡುತ್ತಾ, ಅಸೂಯೆಗೆ ಯಾರಾದರೂ ಉದಾಹರಣೆ ಕೊಡಿ ಎಂದೆ. ಒಬ್ಬ ಹುಡುಗಿ ಎದ್ದು ನಿಂತಳು. ‘ಟೀಚರ್, ಅರುಳಪ್ಪನವರ ಮನ್ಯಾಗ ಫಾದರ್ ಉಂಡ್ರ ನಮ್ಮವ್ವ ನಮ್ಮಪ್ಪನ ಕೂಡ ಮಾತಾಡಂಗಿಲ್ರಿ.’ ಸೆಮಿನರಿಯಲ್ಲಿ ಓದಿದವರೂ ಇಷ್ಟು ಸ್ಪಷ್ಟವಾಗಿ ಹೇಳಲಾರರು. ಕೂತ್ಕೊ ಎಂದೆ.

ಈ ಅರುಳಪ್ಪನವರನ್ನು ಪರಿಚಯ ಮಾಡಿಸಬೇಕು. ಭತ್ತದ ದಲಾಲಿ, ಕ್ಯಾಂಪಿನ ನಮ್ಮ ಪುಟ್ಟ ಪ್ರಾರ್ಥನಾಲಯಕ್ಕೆ ಹಿರಿಯರು. ಹುಡುಗರಾಗಿದ್ದಾಗ ಗುರುಗಳಾಗಲು ಸೆಮಿನರಿಗೆ ಹೋಗಿ ಅರ್ಧಕ್ಕೆ ವಾಪಸ್ಸು ಬಂದವರು. ಯಾಕೆ ಬಂದರೆಂಬುದಕ್ಕೆ ಒಂದು ವರ್ಷ ಆರೋಗ್ಯ, ಇನ್ನೊಂದು ವರ್ಷ ಅಮ್ಮನ ಕಣ್ಣೀರು, ಮತ್ತೊಂದು ವರ್ಷ ಅಲ್ಲಿನ ಸಾಂಬಾರು ಕಾರಣವಾಗುತ್ತಿತ್ತು. ಪೂಜೆಯಲ್ಲಿ ಮುಂದಿನ ಸಾಲಿನಲ್ಲಿ ನಿಂತು, ಫಾದರ್ ಮಾತ್ರ ಹೇಳಬೇಕಾದ ಪ್ರಾರ್ಥನೆಗಳಿಗೆ ಇವರೂ ತುಟಿ ಆಡಿಸುವರು. ಬಂದ ಫಾದರ್‌ಗಳಲ್ಲೆಲ್ಲ ಏನಾದರೊಂದು ಕುಂದು ಹುಡುಕುವರು. ಒಬ್ಬರ ಪ್ರಸಂಗ ಉದ್ದ, ಇನ್ನೊಬ್ಬರ ರಾಗ ಸರಿಯಿಲ್ಲ, ಮತ್ತೊಬ್ಬರಿಗೆ ಮೀಸೆ ಇದೆ. ಅಷ್ಟೆಲ್ಲ ಹೇಳಿ, ಅದೇ ಫಾದರ್ ಬೇರೆಯವರ ಮನೆಯಲ್ಲಿ ಉಂಡರೆ ಇವರಿಗೆ ರಾತ್ರಿ ನಿದ್ದೆ ಇಲ್ಲ.

ಪಾಳಿಯಲ್ಲಿ ಎಂದೂ ಬಾರದ ಮನೆ ತ್ರೇಸಮ್ಮನದು. ಕಬ್ಬು ಕಡಿಯಲು, ಸಸಿ ನಾಟಲು ಹೋಗುವ ಹೆಂಗಸು. ನಮ್ಮ ಧರ್ಮದವನಲ್ಲದ ಗಂಡನನ್ನು ಅವರ ಪದ್ಧತಿಯಲ್ಲೇ ಮದುವೆಯಾಗಿದ್ದಳು. ಗಂಡ ತೀರಿಕೊಂಡ ಮೇಲೆ ಮಗಳು ರೋಸಿಯನ್ನು ಕರೆದುಕೊಂಡು ಮತ್ತೆ ಚರ್ಚಿಗೆ ಬಂದಳು. ಪಾಪನಿವೇದನೆ ಆಯಿತು, ಮಗಳಿಗೆ ದೀಕ್ಷಾಸ್ನಾನ ಆಯಿತು, ಧರ್ಮಸಭೆಯ ಕಾನೂನಿನ ಪ್ರಕಾರ ಆಗಬೇಕಾದ್ದೆಲ್ಲ ಆಯಿತು. ದೇವರ ಕಡೆಯಿಂದ ತಕರಾರು ಮುಗಿದಿತ್ತು. ಕ್ಯಾಂಪಿನವರ ಕಡೆಯಿಂದ ಮುಗಿದಿರಲಿಲ್ಲ. ‘ಆಕಿ ಅರ್ಧ ನಮ್ಮಾಕಿ’ ಎನ್ನುತ್ತಿದ್ದರು. ನಾನು ಊಟಕ್ಕೆ ಅವಳ ಹೆಸರು ಎತ್ತಿದಾಗಲೆಲ್ಲ ಅರುಳಪ್ಪನವರದು ಒಂದೇ ಮಾತು: ‘ಮಾಡ್ಸಾನ ಟೀಚರ್, ಆದ್ರ ಆಕಿ ಮನ್ಯಾಗ ಕುರ್ಚಿ ಇಲ್ಲಲ್ರಿ.’

ನಾನು ಕೆಲಸ ಬಿಡುವುದಕ್ಕೆ ಕೆಲವು ವರ್ಷ ಮೊದಲು ಫಾದರ್ ಚಿನ್ನಪ್ಪ ಬಂದರು. ಜೀಪೂ ಇಲ್ಲ, ಬೈಕೂ ಇಲ್ಲ. ಹೆಗಲಿಗೊಂದು ಬಟ್ಟೆ ಚೀಲ ಹಾಕಿಕೊಂಡು ಕಂಪ್ಲಿ ಬಸ್ಸು ಹತ್ತಿದರು. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರುವವರಲ್ಲ. ಪ್ರಾರ್ಥನಾಲಯದ ಕಸ ತಾವೇ ಗುಡಿಸಿದರು. ಮೊದಲ ಪ್ರಸಂಗದಲ್ಲೇ ಹೇಳಿದರು: ನನಗೆ ಕುರ್ಚಿ ಬೇಡ, ಕೋಳಿ ಬೇಡ, ನೀವು ದಿನಾ ಉಣ್ಣುವುದನ್ನೇ ನೆಲದ ಮೇಲೆ ಕೂತು ನಿಮ್ಮ ಜೊತೆ ಉಣ್ಣುತ್ತೇನೆ. ನನ್ನ ಪಕ್ಕದ ಹೆಂಗಸರು ಕಣ್ಣು ಒರೆಸಿಕೊಂಡರು. ತ್ರೇಸಮ್ಮ ನನ್ನ ಕಡೆ ತಿರುಗಿ ನೋಡಿದಳು. ಕುರ್ಚಿಯ ಅಡ್ಡಿ ಹೋಯಿತಲ್ಲ ಎಂದು ನನಗೂ ಅನಿಸಿತು. ಬಿ.ಎ. ಓದಿಯೂ ಜನರನ್ನು ಅಷ್ಟು ಕಮ್ಮಿ ಅರ್ಥ ಮಾಡಿಕೊಂಡಿದ್ದೆ.

ಮೊದಲ ಸರಳ ಊಟ ಅರುಳಪ್ಪನವರ ಮನೆಯಲ್ಲೇ ಆಯಿತು. ಸೋಫಾ, ಫ್ರಿಜ್ಜು ಹಿಂದಿನ ಕೋಣೆಗೆ ಹೋದವು. ಟಿವಿಗೆ ಚಾದರ ಹೊದಿಸಿದರು. ಅವರ ಮನೆಯಲ್ಲಿ ದಿನಾ ಸಣ್ಣಕ್ಕಿ ಅನ್ನ, ರೊಟ್ಟಿ ತಟ್ಟಲು ಯಾರಿಗೂ ಬಾರದು. ಅದಕ್ಕೆ ಕೂಲಿ ಕೊಟ್ಟು ಒಬ್ಬಳನ್ನು ಕರೆಸಿದರು. ಹಳೇ ಚಾಪೆಗಾಗಿ ಮನೆಯೆಲ್ಲ ಹುಡುಕಿದರೂ ಸಿಗಲಿಲ್ಲ. ಕೊನೆಗೆ ಆಳು ಕಳಿಸಿ ತ್ರೇಸಮ್ಮನ ಮನೆಯಿಂದ ಚಾಪೆಯನ್ನೂ ಮಣ್ಣಿನ ಗಡಿಗೆಯನ್ನೂ ತರಿಸಿದರು. ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿಮೆಣಸಿನಕಾಯಿ. ಫಾದರ್ ಚಿನ್ನಪ್ಪ ಕಣ್ಣು ಮುಚ್ಚಿ ದೇವರಿಗೆ ವಂದನೆ ಹೇಳುವಾಗ ಅರುಳಪ್ಪನವರ ಮಗ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದ. ಕೆಳಗೆ ‘ದೀನತೆಯ ಭೋಜನ’ ಎಂದು ಬರೆದಿತ್ತು.

ಅಲ್ಲಿಂದ ಶುರುವಾಯಿತು ನೋಡಿ. ಮುಂದಿನ ಮನೆಯವರು ಪಲ್ಯವನ್ನೂ ಬಿಟ್ಟು ಚಟ್ನಿಗೆ ಇಳಿದರು. ಅದರ ಮುಂದಿನವರು ಚಟ್ನಿಗೆ ಉಪ್ಪು ಕಡಿಮೆ ಮಾಡಿದರು. ಇನ್ನೊಬ್ಬರು ಸುಡುಬೇಸಿಗೆಯಲ್ಲಿ ಫ್ಯಾನು ಆರಿಸಿ, ‘ನಮ್ಮ ಕಡಿ ಕರೆಂಟು ಇರಂಗಿಲ್ಲ ಫಾದರ್’ ಎಂದರು. ಹಿಂದಿನ ಕೋಣೆಯಲ್ಲಿ ಫ್ರಿಜ್ಜು ಗುಂಯ್‌ಗುಡುತ್ತಿತ್ತು. ಎಲ್ಲ ಮನೆಗೂ ತ್ರೇಸಮ್ಮನ ಚಾಪೆಯೇ ಹೋಗಿ ಬರುತ್ತಿತ್ತು. ಫಾದರ್ ಚಿನ್ನಪ್ಪನವರಿಗೆ ಇದು ತಿಳಿಯಲಿಲ್ಲವೇ ಎಂದು ನೀವು ಕೇಳಬಹುದು. ಫೋಟೋ ತೆಗೆಯುವಾಗ ಅವರು ಚೀಲದ ಹರಿದ ಮಗ್ಗುಲನ್ನು ಮುಂದಕ್ಕೆ ತಿರುಗಿಸಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಇಷ್ಟು ಸಾಕು.

ಅವರ ಹೆಸರು ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ, ಮನೆಯವರೆಗೂ ಹೋಯಿತು. ಪಕ್ಕದ ಧರ್ಮಕೇಂದ್ರದ ಹಿರಿಯ ಫಾದರ್ ಒಬ್ಬರಿಗೆ ಇದನ್ನು ತಡೆದುಕೊಳ್ಳಲಾಗಲಿಲ್ಲ. ಅವರೂ ಬಸ್ಸು ಹತ್ತಿದರು. ಪಾಪ, ರೂಢಿ ಇಲ್ಲ. ಬಸ್ಸಿನ ಹಿಂದೆ ಅವರ ಡ್ರೈವರ್ ಖಾಲಿ ಕಾರು ಓಡಿಸಿಕೊಂಡು ಬರುತ್ತಿದ್ದ, ಸಾಕಾದಾಗ ಇಳಿದು ಹತ್ತಲಿಕ್ಕೆ.

ಹೀಗಿರುವಾಗ ಒಂದು ಸಂಜೆ ತ್ರೇಸಮ್ಮ ನಾನಿದ್ದಲ್ಲಿಗೆ ಬಂದಳು. ಪ್ರಾರ್ಥನಾಲಯದ ಮೆಟ್ಟಿಲ ಮೇಲೆ ಕೂತು, ಸುಮ್ಮನೆ ಸೆರಗಿನ ಅಂಚು ತಿರುವುತ್ತಿದ್ದಳು.

‘ಏನವ್ವಾ?’ ಎಂದೆ.

‘ರೋಸಿಗೆ ಬಳ್ಳಾರಿ ಕಡಿ ಗಂಡು ಬಂದೈತ್ರಿ ಟೀಚರ್. ನಮ್ಮೋರೇ. ಹುಡುಗ ತೋರಣಗಲ್ಲು ಫ್ಯಾಕ್ಟರ್‍ಯಾಗ ಅದಾನ. ಅವರ ತಾಯಿ ಒಂದೇ ಮಾತು ಕೇಳಿ ಕಳಿಸ್ಯಾಳ.’

‘ಏನಂತ?’

‘ನಿಮ್ಮ ಮನೀಗೆ ಫಾದರ್ ಬರ್ತಾರೇನು ಅಂತ. ನನ್ನ ಗಂಡ ಬ್ಯಾರೆ ಜಾತ್ಯಾಂವ ಅಂತ ಯಾರೋ ಹೇಳ್ಯಾರ. ಹಬ್ಬದ ಭಾನುವಾರ ನೋಡಾಕ ಬರ್ತಾರ. ಅವತ್ತು ಫಾದರ್ ನಮ್ಮ ಮನ್ಯಾಗ ಉಣ್ಣಬೇಕ್ರಿ. ಉಂಡ್ರ ಹುಡುಗಿ ದಾರಿ ಆಕ್ಕೈತಿ. ಇಲ್ಲಾಂದ್ರ ಅವರು ಹಂಗ ಬಸ್ಸು ಹತ್ತತಾರ.’

ಪ್ರಾರ್ಥನಾಲಯದ ವರ್ಷದ ಹಬ್ಬದ ದಿನದ ಊಟ ಮೊದಲಿನಿಂದಲೂ ಅರುಳಪ್ಪನವರದು.

‘ಕೋಳಿ ಊಟ ಇದ್ದಾಗ ನಂದು ಬಡವ್ರ ಮನಿ ಅಂದ್ರಿ’ ಎಂದಳು. ‘ಈಗ ಬಡವ್ರ ಊಟ ಬಂದೈತಿ, ಅದನ್ನೂ ಸಾಹುಕಾರ್ರೇ ಮಾಡ್ತಾರ. ನನ್ನ ಚಾಪಿ ಹೋತು, ಗಡಿಗಿ ಹೋತು. ನಾನು ಇನ್ನ ಏನಾಗಬೇಕ್ರಿ ಟೀಚರ್?’

ಮರುದಿನವೇ ಅರುಳಪ್ಪನವರ ಅಂಗಡಿಗೆ ಹೋದೆ. ಈ ಸಲದ ಹಬ್ಬದ ಊಟ ತ್ರೇಸಮ್ಮನ ಮನೆಯಲ್ಲಿ ಎಂದು ಹೇಳಿದೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾದರೆ ಸುಲಭವಿತ್ತು. ಕೈ ಮುಗಿದರು.

‘ನಾನು ಅಯೋಗ್ಯ ಟೀಚರ್. ನನಗ ಮಾನ ಬ್ಯಾಡ, ಮರ್ಯಾದಿ ಬ್ಯಾಡ. ಆದ್ರ ಫಾದರ್ ಬಗ್ಗೆ ಯೋಚನೆ ಮಾಡ್ರಿ. ಹಬ್ಬದ ದಿನ ಜನ ಭಾಳ. ಅಂಥಾ ದಿನ ಅವರಿಗೆ ನೆಮ್ಮದಿಯಿಂದ ಬಡವರಂಗ ಕುಂತು ಉಣ್ಣಾಕ ನಮ್ಮ ಮನಿನ ಅನುಕೂಲ.’

‘ತ್ರೇಸಮ್ಮನ ಮನೀಗೆ ಏನಾಗೈತ್ರಿ?’

‘ಆಕಿ ಮನಿ ಬಡವ್ರದು ಹೌದು. ಆದ್ರ ಅಚ್ಚುಕಟ್ಟು ಇಲ್ಲ ನೋಡ್ರಿ.’

ಆಮೇಲೆ ತಿಳಿಯಿತು, ಅವರು ಆಗಲೇ ಫೋನು ಮಾಡಿ ಫಾದರ್ ಹತ್ತಿರ ಒಪ್ಪಿಗೆ ಪಡೆದಿದ್ದರು. ಹೊಸಪೇಟೆಗೆ ಬಂದು ಫಾದರ್ ಚಿನ್ನಪ್ಪನವರ ಕೋಣೆಗೆ ಹೋದೆ. ರೋಸಿಯ ಸಂಬಂಧದ ವಿಷಯ ಒಂದನ್ನೂ ಬಿಡದೆ ಹೇಳಿದೆ.

‘ಕೊಟ್ಟ ಮಾತು ಹೇಗೆ ತಪ್ಪಿಸಲಿ ಟೀಚರ್?’ ಎಂದರು. ‘ನನಗೇನು, ಯಾರ ಮನೆಯಾದರೂ ಒಂದೇ.’

‘ಒಂದೇ ಆದ್ರ ತ್ರೇಸಮ್ಮನ ಮನೀಗೆ ಬರ್ರಿ ಫಾದರ್.’

ಅವರು ಕಿಟಕಿಯ ಕಡೆ ನೋಡಿದರು. ನಾನು ಮುಂದುವರಿಸಿದೆ. ‘ನೀವು ನೆಲದ ಮ್ಯಾಲೆ ಕುಂತು ಉಣ್ಣೋದನ್ನ ಅಲ್ಲಿ ಜನ ನಾಟಕ ಮಾಡಿ ಆಡ್ತಾರ. ಚಾಪಿ ಆಕಿದು, ಊಟ ಅವರದು, ಹೆಸರು ನಿಮ್ಮದು. ಆಕೀಗೆ ಏನು ಬಂತು?’

ಉಪದೇಶಿಯೊಬ್ಬಳು ಗುರುಗಳಿಗೆ ಹೀಗೆ ಮಾತಾಡುವುದು ಪದ್ಧತಿಯಲ್ಲ. ನಿವೃತ್ತಿ ಹತ್ತಿರವಿದ್ದದ್ದರಿಂದ ಮಾತಾಡಿದೆ. ಅವರ ಮುಖ ಕೆಂಪಾಯಿತು. ‘ಬರ್ತೀನಿ’ ಎಂದರು. ನಾನು ಬಾಗಿಲು ದಾಟುವಾಗ ಕರೆದು, ‘ಏನೂ ವಿಶೇಷ ಮಾಡಬಾರದು ಅಂತ ಆ ಅಮ್ಮನಿಗೆ ಹೇಳಿ’ ಎಂದರು. ನಾನು ಹೇಳಿದೆ. ತ್ರೇಸಮ್ಮ ಕೇಳಿಸಿಕೊಂಡಳು, ಅಷ್ಟೇ.

ಹಬ್ಬದ ಪೂಜೆ ಮುಗಿಸಿ ಅವಳ ಮನೆಗೆ ನಡೆದೆವು. ಹೊರಗೆ ಹೊರಸಿನ ಮೇಲೆ ಗಂಡಿನ ಕಡೆಯವರು ಕೂತಿದ್ದರು. ಹುಡುಗ, ಅವನ ತಾಯಿ, ಒಬ್ಬರು ಸೋದರಮಾವ. ಅರುಳಪ್ಪನವರು ಯಾರೂ ಕರೆಯದಿದ್ದರೂ ಫೋನು ಹಿಡಿದುಕೊಂಡು ನಮ್ಮ ಹಿಂದೆಯೇ ಬಂದಿದ್ದರು. ಒಳಗೆ ಕಾಲಿಟ್ಟ ಫಾದರ್ ಹೊಸ್ತಿಲಲ್ಲೇ ನಿಂತುಬಿಟ್ಟರು.

ಆ ಒಂದೇ ಕೋಣೆಯ ಮನೆಯ ನಡುವೆ ಒಂದು ಮೇಜು, ಅದಕ್ಕೆ ಹೂವಿನ ಪ್ಲಾಸ್ಟಿಕ್ ಹೊದಿಕೆ. ಶಾಲೆಯಿಂದ ಕೇಳಿ ತಂದ, ಎರಡು ಕೈ ಇರುವ ಹೆಡ್‌ಮಾಸ್ಟರ ಕುರ್ಚಿ. ಹೊಸ ತಟ್ಟೆ, ಗಾಜಿನ ಲೋಟ, ಸೀಲು ಒಡೆಯದ ನೀರಿನ ಬಾಟಲಿ. ಪಲಾವು, ಕೋಳಿ ಸಾರು, ಸುಲಿದ ಮೊಟ್ಟೆ, ಹುರಿದ ಮೀನು. ಫಾದರ್ ಇನ್ನಾಸಪ್ಪನವರ ಕಾಲದಲ್ಲೂ ನಾನು ಅಂಥ ಊಟ ನೋಡಿರಲಿಲ್ಲ.

ಫಾದರ್ ಚಿನ್ನಪ್ಪ ಬಿಳಿ ನಿಲುವಂಗಿಯನ್ನು ಮಡಚಿಕೊಂಡು ಕೆಳಗೆ ಕೂರಲು ಬಗ್ಗಿದರು. ‘ನಾನು ಇಲ್ಲೇ ಕೂರ್ತೀನಮ್ಮ. ಒಂದು ರೊಟ್ಟಿ ಇದ್ದರೆ ಸಾಕು.’

ತ್ರೇಸಮ್ಮ ಅವರ ಮುಂದೆ ಬಂದು ನಿಂತಳು. ದನಿ ತಗ್ಗಿಸಿದಳು, ಆದರೆ ಬಿಡಲಿಲ್ಲ.

‘ಬ್ಯಾಡ ಫಾದರ್. ನೀವು ಕೆಳಗ ಕುಂತ್ರ ಈ ಮನ್ಯಾಗ ಒಂದು ಕುರ್ಚಿನೂ ಇಲ್ಲ ಅಂತಾರ. ಹೊರಗ ನೋಡಾಕ ಬಂದೋರು ಕುಂತಾರ. ಮ್ಯಾಲೆ ಕುಂದ್ರಿ.’

‘ನಾನು ಎಲ್ಲರ ಮನೇಲೂ ಕೆಳಗೇ...’

‘ಎಲ್ಲರ ಮನ್ಯಾಗೂ ನಿಮ್ಮ ಇಷ್ಟ ನಡದೈತ್ರಿ. ಇಲ್ಲಿ ನಂದು ನಡೀಲಿ.’

ಬಾಗಿಲಲ್ಲಿ ಅರುಳಪ್ಪನವರು ಫೋನು ಮೇಲೆತ್ತಿದ್ದರು. ಫಾದರ್ ಆ ಫೋನು ನೋಡಿದರು, ಮೇಜಿನ ಮೇಲಿದ್ದ ಕೋಳಿ ನೋಡಿದರು. ಇಷ್ಟು ದಿನ ಗಳಿಸಿದ್ದೆಲ್ಲ ಒಂದು ಫೋಟೋದಲ್ಲಿ ಹೋಗುತ್ತದೆಂದು ಅವರಿಗೂ ಗೊತ್ತು, ನನಗೂ ಗೊತ್ತು, ಎಲ್ಲರಿಗಿಂತ ಚೆನ್ನಾಗಿ ಅರುಳಪ್ಪನವರಿಗೆ ಗೊತ್ತು. ಬಸ್ಸಿನಲ್ಲಿ ನಿಲ್ಲುವುದು, ಕಸ ಗುಡಿಸುವುದು ಅವರಿಗೆ ಎಂದೂ ಕಷ್ಟವಾಗಿರಲಿಲ್ಲ. ಆ ಕುರ್ಚಿಯವರೆಗಿನ ಎರಡು ಹೆಜ್ಜೆ ಕಷ್ಟವಾಯಿತು.

ಹೋಗಿ ಕೂತರು. ಕುರ್ಚಿಯ ಎರಡೂ ಕೈ ಹಿಡಿದು, ಬೆನ್ನು ಒರಗಿಸಿ, ಪೂರ್ತಿ ಕೂತರು.

‘ಫಾದರ್, ನಿಮ್ಮ ನೇಮ?’ ಎಂದರು ಅರುಳಪ್ಪ, ಫೋನಿನ ಹಿಂದಿನಿಂದ.

‘ಅರುಳಪ್ಪನವರೇ, ಆ ಮೊಟ್ಟೆ ತಟ್ಟೆ ಸ್ವಲ್ಪ ಈ ಕಡೆ ಕೊಡ್ತೀರಾ?’ ಎಂದರು ಫಾದರ್.

ಕೊಡಬೇಕಾಯಿತು. ಫೋನು ಜೇಬಿಗಿಟ್ಟು, ಎರಡೂ ಕೈಯಲ್ಲಿ ತಟ್ಟೆ ಎತ್ತಿ ಕೊಟ್ಟರು. ಹೊರಗೆ ಕೂತಿದ್ದ ಹುಡುಗನ ತಾಯಿ ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದರು. ಕುರ್ಚಿಯಲ್ಲಿ ಕೂತ ಫಾದರ್ ಅನ್ನೂ ಬಡಿಸುತ್ತಿದ್ದ ಅರುಳಪ್ಪನವರನ್ನೂ ನೋಡಿದರು. ಫಾದರ್ ಮುಂದೆ ಬಗ್ಗಿ ಆಶೀರ್ವಾದ ತೆಗೆದುಕೊಂಡು, ತ್ರೇಸಮ್ಮನ ಕಡೆ ತಿರುಗಿದರು.

‘ಬೀಗತಿ, ಫಾದರ್ ಉಂಡ ಮ್ಯಾಲೆ ನಮಗೂ ಬಡಸ್ರಿ. ಭಾಳ ಹೊತ್ತಾತು.’

ತ್ರೇಸಮ್ಮನ ಕೈಯಲ್ಲಿದ್ದ ಸೌಟು ಮೇಜಿನ ಮೇಲೆ ಬಿತ್ತು. ರೋಸಿ ಎತ್ತಿಕೊಟ್ಟಳು.

ಫೋಟೋ ಆ ಸಂಜೆಯೇ ಗುಂಪಿಗೆ ಬಂತು. ಫಾದರ್ ಚಿನ್ನಪ್ಪ ಕೆಟ್ಟರು, ವಿಧವೆಯ ಮನೆಯಲ್ಲಿ ಕೋಳಿ ಕಾಲು ತಿಂದರು ಎಂದು ಮಾತಾಯಿತು. ಪಕ್ಕದ ಹಿರಿಯ ಫಾದರ್ ನೆಮ್ಮದಿಯಿಂದ ಬಸ್ಸು ಬಿಟ್ಟು ಕಾರು ಹತ್ತಿದರು. ಫಾದರ್ ಚಿನ್ನಪ್ಪನವರ ಹೆಸರು ಧರ್ಮಾಧ್ಯಕ್ಷರ ಮನೆಯಲ್ಲಿ ಆಮೇಲೆ ಯಾರೂ ಎತ್ತಲಿಲ್ಲವಂತೆ. ಅವರು ಏನೂ ಸಮಜಾಯಿಷಿ ಕೊಡಲಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕರೆ ಕೂರತೊಡಗಿದರು.

ವಾರ ಕಳೆದಿರಲಿಲ್ಲ, ಅರುಳಪ್ಪನವರ ಫೋನು ಬಂತು. ಮುಂದಿನ ಪಾಳಿ ಅವರದು.

‘ಟೀಚರ್, ತ್ರೇಸಮ್ಮ ಆ ಕೋಳಿ ಸಾರಿಗೆ ಏನು ಹಾಕಿದ್ಲಂತ ಸ್ವಲ್ಪ ಕೇಳಿ ಹೇಳ್ರಿ. ನಮ್ಮ ಮನ್ಯಾಗ ಅದಕ್ಕಿಂತ ಕಡಿಮಿ ಆಗಬಾರದು.’

‘ನೀವ ಕೇಳ್ರೆಲಾ. ನಿಮ್ಮ ಓಣಿ ಹಿಂದ ಅದಾಳ.’

‘ನಾ ಹ್ಯಾಂಗ ಹೋಗಿ ಕೇಳ್ಲಿ ಟೀಚರ್.’

ನಾನೇ ಹೋಗಿ ಕೇಳಿದೆ. ತ್ರೇಸಮ್ಮ ಅಂಗಳದಲ್ಲಿ ಕೂತು ಮಗಳ ಮದುವೆಗೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

‘ಕಾಯಾಕ ಹೇಳ್ರಿ ಟೀಚರ್’ ಎಂದಳು. ‘ನಾನೂ ಕಾದೀನಿ.’